ಸಾವಿರದ ಎಂಟುನೂರು

ವಿರಾಜಪೇಟೆ. ದ್ವಿತೀಯ ಪಿಯುಸಿ, ಕೊನೆಯ ಪೀರಿಯಡ್ಡು.
ಬೋರ್ಡಿನ ಮೇಲೆ ಸತ್ತ ಉಪಗ್ರಹ ಎರಡು:
ಒಂದು ಒಂಬೈನೂರು ಕಿಲೋ, ಸೆಕೆಂಡಿಗೆ ನಾಲ್ಕು ಮೀಟರು;
ಇನ್ನೊಂದು ಮುನ್ನೂರು, ನಿಂತಿದೆ.
ಢಿಕ್ಕಿ. ಅಂಟಿಕೊಂಡವು.
ಮುಂದೆ ಎಷ್ಟು ವೇಗ?

ಮೂರು, ಎಂದಿತು ತರಗತಿ, ಬಸ್ಸಿನ ಧ್ಯಾನದಲ್ಲಿ.
ಮೂರೇ. ಸಂವೇಗ ಒಂದು ಹನಿಯೂ ಸೋರಿಲ್ಲ:
ಆಗಲೂ ಮೂರು ಸಾವಿರದ ಆರುನೂರು, ಈಗಲೂ ಅಷ್ಟೇ.
ಶಕ್ತಿ ಮಾತ್ರ ಸಾವಿರದ ಎಂಟುನೂರು ಜೂಲ್
ಕಡಿಮೆ ಬಿತ್ತು.
ಸದ್ದಾಗಿ ಹೋಯಿತೆ? ಸದ್ದಿಗೆ ಅಲ್ಲಿ ಗಾಳಿ ಎಲ್ಲಿ.
ತಗಡು ನೆಗ್ಗಿತು, ನೆಗ್ಗಿದಲ್ಲಿ ತುಸು ಬೆಚ್ಚಗಾಯಿತು.

ಕಿಟಕಿ ಪಕ್ಕದ ಬೊಳ್ಳಮ್ಮ ಎದ್ದಳು.
"ನಿಂತಿದೆ ಅಂದರೆ ಯಾರ ಲೆಕ್ಕದಲ್ಲಿ ಸರ್?"

ಊರಿಗೆಲ್ಲ ಗೊತ್ತು: ಅವಳಪ್ಪ ಉತ್ತಯ್ಯನ ಜೀಪು
ಮಾಕುಟ್ಟದ ತಿರುವಿನಲ್ಲಿ ಮೊಯ್ದುವಿನ ಮೀನಿನ ಪಿಕಪ್ಪಿಗೆ
ಮೂತಿಗೆ ಮೂತಿ ಸಿಕ್ಕಿಕೊಂಡದ್ದು,
ಬಿಡಿಸಲು ಇರಿಟ್ಟಿಯಿಂದ ಗ್ಯಾಸ್ ಕಟ್ಟರ್ ತರಿಸಿದ್ದು.
ಇವರದು ಒಂದು ಮಂಡಿ, ಅವರದು ಮೂರು ಪಕ್ಕೆಲುಬು,
ರಸ್ತೆಯ ತುಂಬ ಮತ್ತಿ ಮೀನು, ಐಸು.
ನಾಲ್ಕು ವರ್ಷದಿಂದ ಕೋರ್ಟಿನಲ್ಲಿ ಇಬ್ಬರದೂ ಒಂದೇ ಸಾಲು:
ನಾನು ನಿಂತಿದ್ದೆ. ಬಂದು ಗುದ್ದಿದ್ದು ಅವನು.

ರಸ್ತೆಯ ಮಾತು ಬೇರೆ, ಎಂದೆ.
ಅಲ್ಲಿ ಮೋರಿ ಇದೆ, ಮೈಲಿಗಲ್ಲಿದೆ, ಪೊಲೀಸರ ಟೇಪಿದೆ.
ಅಲ್ಲಿ ಮೇಲೆ
ಟೇಪಿನ ಇನ್ನೊಂದು ತುದಿ ಯಾರ ಕೈಗೆ ಕೊಡುತ್ತೀ?

ಕೂತಳು. ಪುಟ ತಿರುವಿದಳು.
ದೊಡ್ಡದರ ಬೆನ್ನೇರಿ ನೋಡಿದಳು:
ತಾನು ನಿಶ್ಚಲ, ಚಿಕ್ಕದೇ ನಾಲ್ಕರಲ್ಲಿ ನುಗ್ಗಿ ಬರುತ್ತಿದೆ.
ಆಮೇಲೆ ಎರಡರ ನಡುವಿನ, ಯಾರದೂ ಅಲ್ಲದ
ಒಂದು ಚುಕ್ಕಿಯ ಮೇಲೆ ನಿಂತು:
ಒಂದು ಮೆಲ್ಲಗೆ, ಒಂದು ರಭಸದಿಂದ,
ಎರಡೂ ಬಂದವು, ಕೂಡಿದವು,
ಅಲ್ಲಾಡದೆ ಉಳಿದವು.
ವೇಗ ಬದಲಾಯಿತು, ಸಂವೇಗದ ಮೊತ್ತ ಬದಲಾಯಿತು,
ಗುದ್ದಿದವನೇ ಬದಲಾದ.
ಕಳೆದದ್ದು ಮಾತ್ರ ಮೂರು ಪುಟದಲ್ಲೂ
ಸಾವಿರದ ಎಂಟುನೂರು.

ಅಳಿಸಿ ಇನ್ನೊಮ್ಮೆ ಮಾಡಿದಳು. ಅಷ್ಟೇ ಬಂತು.

ಬೆಲ್ಲಾಯಿತು. ಗೋಣಿಕೊಪ್ಪದ ಬಸ್ಸಿಗೆ ಬೆಂಚುಗಳು ಓಡಿದವು.
ನನ್ನ ಮೇಜಿನ ಮೇಲೆ ಅವಳ ಪುಸ್ತಕ,
ಉತ್ತರದಡಿ ಎರಡೆರಡು ಗೆರೆ, ಏಕಮಾನ ಬರೆದಿಲ್ಲ.
ಅದಕ್ಕೆ ಅರ್ಧ ಅಂಕ ಕಳೆಯುವುದು ನನ್ನ ಹಳೆಯ ಪದ್ಧತಿ.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ.
ಹಾಕಿದೆ.

ಬೋರ್ಡು ಒರೆಸುವವರು ಇರಲಿಲ್ಲ.
ಸೀಮೆಸುಣ್ಣದ ಆ ಎರಡು ಡಬ್ಬಿ
ಒಂದಕ್ಕೊಂದು ಕಚ್ಚಿಕೊಂಡೇ ಸೆಕೆಂಡಿಗೆ ಮೂರು ಮೀಟರಿನಂತೆ
ಹೋಗುತ್ತಿದ್ದವು,
ಮೋರಿಯೂ ಗ್ಯಾಸ್ ಕಟ್ಟರೂ ಸಿಗದ ಕಡೆಗೆ.