ಬಲಗಿವಿ

ಯಂಕಪ್ಪಗ ಬಲಗಿವಿ ಕೇಳೂದಿಲ್ಲ.
ಬಲಕುಂದಿ ಕ್ವಾರಿಯೊಳಗ ಒಂದಿನ
ಬತ್ತಿ ಹಚ್ಚಿ ಓಡೂದು ತಡಾ ಆತು.
ಕಲ್ಲು ಮ್ಯಾಲೆದ್ದು ಬಿತ್ತು, ಸಪ್ಪಳ ಮಾತ್ರ
ಅವನ ತಲಿಯಾಗ ಉಳೀತು.

ಇಳಕಲ್ಲ ನಗರಸಭೆಗೆ ಆರಿಸಿ ಬಂದ ಮ್ಯಾಲ
ಮಷಿನ್ ಹಾಕಿಸ್ಕೋ ಅಂದ್ರು.
ಬ್ಯಾಡ ಅಂದ.
ಕ್ವಾರಿ ಮಾಲಕರು ಬಂದ್ರ ಬಲಗಿವಿ ಕೊಟ್ಟು ಕುಂದರ್ತಾನ,
ನಳಕ್ಕ ನೀರು ಬಂದಿಲ್ಲ ಅನ್ನೂ ಮುದುಕೇರಿಗೆ
ಕುರ್ಚಿ ತಿರುವಿ ಎಡಗಿವಿ.

ನಿನ್ನೆ ಹೊಸಾ ದವಾಖಾನಿ ಅಡಿಗಲ್ಲು.
ಕೆಂಪು ಕಲ್ಲು, ಕನ್ನಡಿ ಹಂಗ ಪಾಲಿಶು,
ಸಾಹೇಬರ ಹೆಸರಿನ ಕೆಳಗ
ಸಣ್ಣ ಅಕ್ಷರದಾಗ ಇವನದು.
ಗ್ವಾಡಿಗೆ ಕೂಡಿಸೂಕಿಂತ ಮೊದಲ
ಕಲ್ಲಿನ ಹಿಂದ ಕೈ ಹಾಕಿ
ಒರಟು ಮೈ ಸವರಿದ.
ಅರ್ಧಾ ಸೀಳಿದ ಡ್ರಿಲ್ಲಿನ ತೂತು;
ಹೆಬ್ಬೆರಳು ತಾನಾಗೇ ಒಳಗ ಹೋತು.

"ಮೂರನೇ ಕುಣೀದಿದು," ಅಂದ ನನಗ,
"ದುರಗ್ಯಾ ಹೋದ ಕುಣಿ."

ಗೌಂಡಿ ಸಿಮೆಂಟ್ ಮೆತ್ತಿದ.
ಹೆಸರಿದ್ದ ಮಗ್ಗಲು ಬಿಸಿಲಿಗೆ,
ದುರಗ್ಯಾನ ಮಗ್ಗಲು ಗ್ವಾಡಿಗೆ.

ನಾಕು ಮಾತಾಡ್ರಿ ಅಂದ್ರು, ಎರಡು ಸಲ.
ಯಂಕಪ್ಪ ಕೇಳದವನಂಗ ನಿಂತಿದ್ದ.
ಮೈಕಿನ ಕಡೆ ಯಾವ ಕಿವಿ ಇತ್ತೋ,
ನಾ ನೋಡಲಿಲ್ಲ.