ಕೀಲು ಕೂರುವ ಕುಳಿ

ಜುಬೈಲ್, ನಸುಕಿನ ನಾಲ್ಕೂವರೆ.
ಅಲಾರಂ ನನಗೆ ಕೇಳಿತು.
ನನ್ನ ಮಾತು ಕೈ ಕೇಳಲಿಲ್ಲ.

ಮೇಲಿನ ಬಂಕಿನಿಂದ ಹಮ್ಮಬ್ಬ ಇಳಿದ, ಲುಂಗಿ ಬಿಗಿದ,
"ಲಿಗೋರಿ, ಬಸ್ಸು ತಪ್ಪುತ್ತದೆ ಮಾರಾಯ" ಎಂದು
ನನ್ನ ಮುಂಗೈ ಎತ್ತಿ ಬಿಟ್ಟ.
ಒದ್ದೆ ಹಗ್ಗದ ಹಾಗೆ ಬಿತ್ತು.
ಅವನ ಮುಖದಲ್ಲಿ ಆಗಲೇ ನಾನು ಸತ್ತಿದ್ದೆ.
ಕಣ್ಣು ಹೊರಳಿಸಿ ಸಾಕ್ಷಿ ಹೇಳಿದೆ.

ಹಿಂದಿನ ಹಗಲು ಪಂಪ್ ಹೌಸಿನಲ್ಲಿ ಹನ್ನೆರಡು ತಾಸು ವಾಲ್ವ್ ತಿರುವಿದ್ದು,
ರಾತ್ರಿ ಕಂಪೆನಿಯ ಇಫ್ತಾರ್: ಎರಡು ತಟ್ಟೆ ಕಬ್ಸಾ,
ಜೇನಿಳಿಯುವ ಲುಗೈಮಾತ್ ಹನ್ನೊಂದೋ ಹನ್ನೆರಡೋ.
ದುಡಿತ, ಹೊಟ್ಟೆ ತುಂಬ ಸಿಹಿ, ನಿದ್ದೆ.
ಬೇರೆಯವರ ಬಾಯಲ್ಲಿ ಇದರ ಹೆಸರು ಸುಖ.

ಆಸ್ಪತ್ರೆಯ ಚೀಟಿಯಲ್ಲಿ ಪೊಟ್ಯಾಸಿಯಂ ಎರಡು ಪಾಯಿಂಟ್ ಒಂದು.
ಉಪ್ಪುಕಹಿ ದ್ರಾವಣ ಲೋಟದಲ್ಲಿ ಹಿಡಿದು ಕುಡಿಸಿದರು.
ಸಂಜೆಗೆ ಹೆಬ್ಬೆರಳು ಬಂತು, ಆಮೇಲೆ ಮೊಣಕೈ,
ಶಿಫ್ಟ್ ಮುಗಿಸಿ ಒಬ್ಬೊಬ್ಬರೇ ಕ್ಯಾಂಪಿಗೆ ಮರಳುವ ಹಾಗೆ.

ರೆಮಿ ಮಾಮನನ್ನು ಶಿರ್ವದಲ್ಲಿ
ಕುಡುಕನೆಂದೇ ಮಣ್ಣು ಮಾಡಿದರು.
ಮದುವೆಯೂಟದ ಮರುದಿನ ಅವನು ಏಳುತ್ತಿರಲಿಲ್ಲ.
ಬಾಯಿ ಮೂಸಿ ನೋಡಿದವರು ಒಬ್ಬರೂ ಇಲ್ಲ.

ದಮ್ಮಾಮಿನ ಡಾಕ್ಟರ್ ಸುಆದ್
ಮಾತ್ರೆಗಿಂತ ಮೊದಲು ಕಂಪ್ಯೂಟರು ತೋರಿಸಿದರು.
ಅದರೊಳಗೆ ನನ್ನ ಒಂದೇ ಒಂದು ಸ್ನಾಯುಕೋಶ,
ಮಾಂಸವಿಲ್ಲ, ನೆತ್ತರಿಲ್ಲ, ಬರೀ ಸಮೀಕರಣ.
"ನಿನ್ನ ಬಾಗಿಲು ಸರಿಯಾಗೇ ಮುಚ್ಚುತ್ತದೆ.
ಸೋರುವುದು ಅದರ ಕೀಲು ಕೂರುವ ಕುಳಿ."
ಐನೂರ ಇಪ್ಪತ್ತೆಂಟನೆಯ ಮಣಿ
ಅರ್ಜಿನೈನ್ ಇರಬೇಕಾದಲ್ಲಿ ಹಿಸ್ಟಿಡಿನ್.
ಒಂದಕ್ಷರದ ತಪ್ಪು.
ನಮ್ಮಲ್ಲೂ ಹಾಗೇ ಎಂದು ಅವರ ಪ್ಯಾಡಿನ ಮೇಲೆ ಬರೆದು ತೋರಿಸಿದೆ:
ಬಲ.
ತಲೆಕಟ್ಟು ತುಸು ತಿರುಗಿದರೆ, ಬಲೆ.

ಸೋರಿಕೆ ನನಗೆ ಹೊಸತಲ್ಲ.
ಸಮುದ್ರವನ್ನು ಕುಡಿಯುವ ನೀರು ಮಾಡುವ ನಮ್ಮ ಪ್ಲಾಂಟಿನಲ್ಲಿ
ಪೊರೆ ಸುತ್ತಿ ತುಂಬಿದ ಒಂಬತ್ತು ಸಾವಿರ ಕೊಳವೆ.
ಒಂದರ ರಬ್ಬರ್ ಉಂಗುರ ಒಣಗಿದರೆ ಸಾಕು,
ಕೊನೆಯ ತೊಟ್ಟಿಯ ಮೀಟರು ಹೇಳುತ್ತದೆ: ಉಪ್ಪು.
ಎಲ್ಲಿಂದ ಎಂದು ಹೇಳುವುದಿಲ್ಲ.
ಕೊಳವೆ ಕೊಳವೆಯ ನೀರು ತೆಗೆದು ಅಳೆಯಬೇಕು, ರಾತ್ರಿಯಿಡೀ.
ಸುಆದ್ ಮಾಡಿದ್ದೂ ಅದನ್ನೇ, ಆರು ವರ್ಷ.

"ಒತ್ತು," ಎಂದರು. ಪೊಟ್ಯಾಸಿಯಂ ಇಳಿಸುವ ಬಾಣದ ಕೀ.
ನಾಲ್ಕು. ಮೂರೂವರೆ. ಮೂರು.
ಮೈನಸ್ ತೊಂಬತ್ತರ ಹತ್ತಿರ ಗೆರೆ ತೆಪ್ಪಗೆ ಮಲಗಿತ್ತು.
ಇನ್ನೊಮ್ಮೆ ಒತ್ತಿದೆ.
ಜಿಗಿಯಿತು. ಮೈನಸ್ ಅರವತ್ತು.
ಅಲ್ಲೇ ನಿಂತಿತು.
"ತನ್ನನ್ನು ಆಗಲೇ ಕರೆದಾಗಿದೆ ಎಂದು ಕೋಶಕ್ಕೆ ಭ್ರಮೆ.
ಹಾಗಾಗಿ ಕರೆದರೆ ಕೇಳುವುದಿಲ್ಲ."

ಹಿಂದಕ್ಕೆ ಒತ್ತಿದೆ. ಮೂರು. ಗೆರೆ ಮಿಸುಕಲಿಲ್ಲ.
ಮೂರೂವರೆ. ಇಲ್ಲ.
ನಾಲ್ಕು ದಾಟಿ ಎಷ್ಟೋ ಆದ ಮೇಲೆ ಕಳಚಿಕೊಂಡಿತು.
ಜಾರಿದ ಮೆಟ್ಟಿಲಿನಿಂದಲೇ ಹತ್ತಿ ಬರಲಾಗುವುದಿಲ್ಲ ಇದರಲ್ಲಿ.
ಅರವತ್ತು ಸಾವಿರದ ಸಾಲಕ್ಕೆ ವಿಮಾನ ಹತ್ತಿದವನು ನಾನು.
ಸಾಲ ತೀರಿ ಹದಿನೇಳು ವರ್ಷ.
ಅದನ್ನು ಅವರಿಗೆ ಹೇಳಲಿಲ್ಲ.

"ಮಗಳಿದ್ದಾಳಾ?" ಎಂದು ಕೇಳಿದರು.
ಇದ್ದಾಳೆ, ಜೆಸಿಂತಾ, ಒಂಬತ್ತು ತುಂಬಿತು.
"ಅರ್ಧಕ್ಕರ್ಧ," ಎಂದರು, ಪರದೆಯತ್ತಲೇ ನೋಡುತ್ತ.
"ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ಸುಮ್ಮನಿರುತ್ತದೆ."

ಈಗ ದಿನಾ ನಾಲ್ಕೂವರೆಗೆ ಫೋನು ಮಾಡುತ್ತೇನೆ. ಅಲ್ಲಿ ಏಳು.
ಎದ್ದಳಾ ಎಂದು ಕೇಳುವುದಿಲ್ಲ.
ರಾತ್ರಿ ಏನು ತಿಂದಳು ಎನ್ನುತ್ತೇನೆ.
"ಹೊಟ್ಟೆಬಾಕ ಅಪ್ಪ," ಎಂದು ಗ್ರೆಟ್ಟಾ ನಗುತ್ತಾಳೆ,
"ನಿನ್ನೆ ರೋಸಿನ ಊಟಕ್ಕೆ ಹೋಗಿದ್ದೆವು,
ಅಂಗಳದಲ್ಲಿ ಕುಣಿದದ್ದೇ ಕುಣಿದದ್ದು, ಆಮೇಲೆ ನಾಲ್ಕು ಲಾಡು."

ಫೋನು ಇಡಬೇಡ ಎಂದೆ.
ಯಾಕೆ ಎಂದಳು.
ಹೊರಗೆ ಬಸ್ಸಿನ ಹಾರ್ನ್. ಹಮ್ಮಬ್ಬ ಬಾಗಿಲು ಬಡಿಯುತ್ತಿದ್ದಾನೆ.
ನಾನು ಮಂಚ ಕಿರುಗುಟ್ಟುವ ಸದ್ದಿಗೆ ಕಿವಿಯಾಗಿದ್ದೇನೆ.