ಕಿರೀಟ ನಮ್ಮನೆಯಲ್ಲಿದ್ದ ವಾರ

ಚೀಟಿ ಎತ್ತಿದ ಹುಡುಗ ನಮ್ಮ ಹೆಸರು ಓದಿದಾಗ
ನಾನು ಹಿಂದಿನ ಬೆಂಚಿನಲ್ಲಿ ಕೊಡೆ ಮಡಚುತ್ತಿದ್ದೆ.
ಬೇರೆ ಯಾರೋ ದಿಯೊಲಿಂದಾ ಇರಬೇಕು ಅಂದುಕೊಂಡೆ.
ಸಾವ್ ಜೋರ್ಜ್ ದ್ವೀಪದ ಈ ಬೀದಿಯಲ್ಲಿ
ಇನ್ನೊಬ್ಬಳಿದ್ದಳು, ಹೋದ ಚಳಿಗಾಲ ತೀರಿಕೊಂಡಳು.

ಈಸ್ಟರ್ ಕಳೆದ ಮೇಲೆ ಏಳು ವಾರ, ಏಳು ಮನೆ.
ಪವಿತ್ರಾತ್ಮನ ಬೆಳ್ಳಿ ಕಿರೀಟ, ತುದಿಯಲ್ಲೊಂದು ಪಾರಿವಾಳ,
ಒಂದೊಂದು ಮನೆಯಲ್ಲಿ ವಾರವಿಡೀ ತಂಗುತ್ತದೆ
ತವರಿಗೆ ಬಂದ ಮಗಳ ಹಾಗೆ.
ನಾಲ್ಕನೆಯ ವಾರ ನಮ್ಮದು.
ಬೇಡ ಅನ್ನುವ ಹಾಗಿಲ್ಲ.

ಇಡುವುದೆಲ್ಲಿ?
ಮಾಡು ಎರಡು ಕಡೆ ಸೋರುತ್ತದೆ.
ಕಡಲಿನ ಉಪ್ಪುಗಾಳಿ ಗೋಡೆಯ ಸುಣ್ಣವನ್ನು
ಹಪ್ಪಳದ ಹಾಗೆ ಎಬ್ಬಿಸಿದೆ.
ಮುಂದಿನ ಕೋಣೆಯಲ್ಲಿ ಮಂಚ,
ಮಂಚದ ಕೆಳಗೆ ಬೇಸಿನ್ನು, ಮಾತ್ರೆಗಳ ರಟ್ಟಿನ ಡಬ್ಬ,
ಮಂಚದ ಮೇಲೆ ನನ್ನ ಬೆಲಾರ್ಮಿನೊ.
ಎಂಟು ತಿಂಗಳಿಂದ ಒಂದು ಮಾತಿಲ್ಲ,
ನಲವತ್ತು ವರ್ಷ ಹಸುಗಳ ಜೊತೆ ಜಗಳವಾಡಿದ ಬಾಯಿ.

ಕೊನೆಗೆ ಹೊಲಿಗೆ ಯಂತ್ರವನ್ನು ಅಡುಗೆಮನೆಗೆ ತಳ್ಳಿ
ಅದರ ಮೇಜಿಗೆ ಮದುವೆಯ ಚಾದರ ಹಾಸಿದೆ,
ಹಳದಿ ಕಲೆ ಗೋಡೆಯ ಕಡೆಗೆ ಬರುವ ಹಾಗೆ.
ಹೂವಿಗೆ ದುಡ್ಡಿರಲಿಲ್ಲ.
ಬೇಲಿಯ ಹೈಡ್ರೇಂಜಾ ಇನ್ನೂ ಮೊಗ್ಗು.
ಹಿತ್ತಲಲ್ಲಿ ಬೀಜಕ್ಕೆ ಬಿಟ್ಟ ಕೊತ್ತಂಬರಿ
ಅಷ್ಟು ಬೆಳ್ಳಗೆ ಅರಳುತ್ತದೆಂದು
ಇಷ್ಟು ವರ್ಷ ನಾನು ನೋಡಿಯೇ ಇರಲಿಲ್ಲ.
ಸೊಪ್ಪು ಅಂದುಕೊಂಡೇ ಕೊಯ್ಯುತ್ತಿದ್ದೆ.

ಮೊದಲ ರಾತ್ರಿ ದೀಪ ಸಣ್ಣ ಮಾಡಿ
ಕಿರೀಟಕ್ಕೆ ಎರಡು ಮಾತು ಬೈದೆ.
ಇಷ್ಟು ತಡವಾಗಿ ಬರುವುದೇ, ಅಂತ.
ಅದು ಮಿಣುಗುತ್ತ ಕೂತಿತ್ತು, ಕೇಳಿಸದವರ ಹಾಗೆ.

ದಿನಾ ಸಂಜೆ ಜಪಮಾಲೆಗೆ ಬೀದಿಯವರು ಬಂದರು,
ನಮ್ಮಲ್ಲಿ ಸಾಲದೆಂದು ಗೊತ್ತಿದ್ದು
ತಮ್ಮ ತಮ್ಮ ಕುರ್ಚಿ ಹೊತ್ತುಕೊಂಡೇ.
ಎರ್ಮೆಲಿಂದಾ ಸಿಹಿ ಬ್ರೆಡ್ಡು ತಂದಳು.
ಮೀನಿನ ಕಾರ್ಖಾನೆಯ ಅಡೆಲಿನೊ ಯಾರಿಗೂ ಹೇಳದೆ
ಏಣಿ ಹಾಕಿ ಎರಡು ಹೆಂಚು ಸರಿಸಿ ಇಳಿದ.
ಒಂದು ಕಡೆ ಸೋರುವುದು ನಿಂತಿತು,
ಇನ್ನೊಂದು ಕಡೆ ಜಾಸ್ತಿಯಾಯಿತು.
ನಕ್ಕೆವು. ಬಕೆಟ್ಟು ಇಟ್ಟೆವು.
ಟಪ್ ಟಪ್ ಅಂತ ಅದೂ ಮಣಿ ಎಣಿಸಿತು.

ಬುಧವಾರ, ಜಪ ಮುಗಿದು
ಎಲ್ಲರೂ ಆಮೆನ್ ಅಂದ ಮೇಲಿನ ಆ ಸಣ್ಣ ಸಂದಿಯಲ್ಲಿ
ಮಂಚದಿಂದ ಒಂದು ದನಿ, ತುಕ್ಕು ಹಿಡಿದ ಕೀಲಿನಂಥದು:
'ಹಾಲು.'

ಯಾರೂ ಉಸಿರಾಡಲಿಲ್ಲ.
ನಾನು ಓಡಿ ಲೋಟ ತುಂಬ ಹಾಲು ತಂದೆ.
ಇವನು ತಲೆಯಾಡಿಸಿದ, ಬೇಡ.
ಕಿರೀಟ ನೋಡಿದ. ಮತ್ತೆ ಅಂದ, ಇನ್ನೂ ಸ್ಪಷ್ಟ: 'ಹಾಲು.'
ಆಗ ಎರ್ಮೆಲಿಂದಾಳ ಮೊಮ್ಮಗು, ಆರು ವರ್ಷದ್ದು,
ಮುಗಿದ ಕೈ ಬಿಡಿಸದೆ
ಗಂಭೀರವಾಗಿ ಉತ್ತರ ಕೊಟ್ಟಿತು: 'ಹಾಲು.'
ಅಡೆಲಿನೊ, ಟೋಪಿ ಹಿಂಡುತ್ತ: 'ಹಾಲು.'
ಆಮೇಲೆ ಎಲ್ಲರೂ.
ಪಾದ್ರಿಯವರು ಇರಲಿಲ್ಲ, ಒಳ್ಳೆಯದಾಯಿತು.
ಇದ್ದಿದ್ದರೂ ಅಂದೇ ಬಿಡುತ್ತಿದ್ದರೇನೋ.

ಪಕ್ಕದ ದ್ವೀಪದ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ
ಫೋನಿನಲ್ಲಿ ಹೇಳಿದರು:
ಪದಗಳೆಲ್ಲ ಒಳಗೇ ಇವೆ, ಖಾನೆ ಅದಲುಬದಲಾಗಿದೆ ಅಷ್ಟೆ.
ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.
ಇಲ್ಲ ಅಂದೆ.
ಒಂದು ಚಮಚಕ್ಕೆ ಮೂರು ಖಾನೆ ಎಳೆಯುವವಳು ನಾನು,
ಆಸೆಯನ್ನು ಎಲ್ಲಿಟ್ಟಿದ್ದೇನೆಂದು ನನಗೇ ನೆನಪಿಲ್ಲ.

ಭಾನುವಾರ ಕಿರೀಟ ಐದನೆಯ ಮನೆಗೆ ಹೊರಟಿತು,
ಮುಂದೆ ಡೋಲು, ಕೆಂಪು ಬಾವುಟ, ಹಿಂದೆ ಮಳೆ.
ಚಾದರದ ಮೇಲೆ ಅದರ ತಳದ ದುಂಡು ಗುರುತು.
ಕುರ್ಚಿಗಳೆಲ್ಲ ಮನೆಗೆ ಹೋದವು.
ಒಂದು ಉಳಿಯಿತು, ಹಸಿರು ಬಣ್ಣದ್ದು, ಒಂದು ಕಾಲು ಗಿಡ್ಡ.
ಯಾರದೆಂದು ನಾನು ವಿಚಾರಿಸಲಿಲ್ಲ.

ಸೋಮವಾರ ಬೆಳಿಗ್ಗೆ
ಹಾಲಿನ ಕ್ಯಾನುಗಳು ಒಂದಕ್ಕೊಂದು ತಾಗುತ್ತ ಬೀದಿ ದಾಟಿದವು.
ಕಿಟಕಿಯ ಬೆಳಕು ಬಕೆಟ್ಟಿನ ನೀರಿಗೆ ಬಿದ್ದು
ಸೂರಿನಲ್ಲಿ ಅಲುಗಾಡಿತು,
ಸೋರುವ ಜಾಗದಲ್ಲೇ.
ಇವನು ಅದನ್ನು ನೋಡುತ್ತಿದ್ದ, ನಾನು ಇವನನ್ನು.
ಕಾಫಿಗೆ ಹಾಲು ಬೆರೆಸಿ ಕೈಗಿಟ್ಟೆ.
'ಕುರ್ಚಿ' ಅಂದ.
ಹಾಲಿಗೆ ಅಂದನೋ, ಬೆಳಕಿಗೆ ಅಂದನೋ,
ಯಾವಾಗಲೂ ನಿಂತೇ ಕಾಫಿ ಕುಡಿಯುವ ನನಗೆ ಅಂದನೋ.
ಗಿಡ್ಡ ಕಾಲಿನ ಕಡೆಗೆ ವಾಲದಂತೆ ನೋಡಿಕೊಂಡು
ಕೂತೆ.